ಮರಳು

ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ
ಒಂದೇ ಒಂದು ನೈಲಾನ್ ಎಳೆ.
ಗಾಳ ಮಾರುವ ಅಂಗಡಿಯಿಂದ ತಂದದ್ದು, ಕೂದಲಷ್ಟೇ ದಪ್ಪ.
ಯಂತ್ರಕ್ಕೆ ಅದು ಎಳೆಯಾಗಿ ಕಾಣದು:
ನಿದ್ದೆಗೆಟ್ಟವರ ಕಣ್ಣಲ್ಲಿ ಹರಡಿದ ಕಾಡಿಗೆ.

ಎಷ್ಟು ಹರಡುತ್ತೀಯೋ ಹೇಳು, ಎನ್ನುತ್ತೇನೆ ಯಂತ್ರಕ್ಕೆ,
ಅಷ್ಟನ್ನೇ ಹಿಂದಕ್ಕೆ ಒರೆಸುತ್ತೇನೆ.
ದಾವಣಗೆರೆಯ ಕಾಲೇಜಿನ ಮೂರನೇ ಮಹಡಿಯಲ್ಲಿ
ನಾಲ್ಕು ವರ್ಷದಿಂದ ಇದೇ ಲೆಕ್ಕ.
ಕರೆಂಟು ಹೋದಾಗ ಕಿಟಕಿ;
ಆಚೆ, ಮಂಡಕ್ಕಿ ಭಟ್ಟಿಗಳ ಹೊಗೆ.

ಮೈಯೊಳಗೆ ಹೋದ ದನಿ
ಹೋದ ಹಾಗೆ ಮರಳುವುದಿಲ್ಲ.
ಸಾವಿರ ಚೂರಾಗಿ, ಚೂರಿಗೆ ಚೂರು ಡಿಕ್ಕಿ ಹೊಡೆದು
ಒಂದೆಡೆ ಕೂಡಿ, ಒಂದೆಡೆ ಕಳೆದು
ತೆರೆಯ ಮೇಲೆ ಬೀಳುವ ಹೊತ್ತಿಗೆ
ಮರಳಿದ್ದೆಲ್ಲ ಮರಳು.
ಯಕೃತ್ತಿನ ತುಂಬ ಕಪ್ಪು ಬಿಳಿ ಮರಳು.

ಜರಡಿ ಹಿಡಿದೆ.
ಒಂದು ರಾತ್ರಿ ಯಾರದೋ ಪಿತ್ತಕೋಶ
ತೊಳೆದು ಬೋರಲು ಹಾಕಿದ ಸ್ಟೀಲ್ ಬಟ್ಟಲಿನಂತೆ ಹೊಳೆಯಿತು.
ಬೆಳಗಾಗುವುದನ್ನೇ ಕಾದು
ಹಾಲೇಶಪ್ಪ ಡಾಕ್ಟರ ಮುಂದೆ ಹಿಡಿದೆ.
ಕನ್ನಡಕ ಹಣೆಗೇರಿಸಿ ನೋಡಿದರು, ಬಹಳ ಹೊತ್ತು.
"ಚೆಂದ ಐತಮ್ಮ. ಕ್ಯಾಲೆಂಡರಿಗೆ ಹಾಕಬಹುದು.
ಇಲ್ಲೊಂದು ಕಲ್ಲಿತ್ತಲ್ಲ, ಮೂರು ಮಿಲಿಮೀಟರಿಂದು,
ಅದನ್ನ ಎಲ್ಲಿಟ್ಟೆ?"

ಹಳೆಯ ಚಿತ್ರ ತೆಗೆದೆ. ಇತ್ತು.
ಮರಳಿನ ನಡುವೆ, ಮರಳಿನಂತೆಯೇ.
ಬೆನ್ನ ಹಿಂದೆ ಮಾತ್ರ
ಒಂದು ತೆಳ್ಳನೆಯ ನೆರಳು.

ಅಮ್ಮಿ ಮೂವತ್ತು ವರ್ಷ ಭಟ್ಟಿಯಲ್ಲಿ ನಿಂತವಳು.
ಎರಡು ಚಿತ್ರವನ್ನೂ ಅಕ್ಕಪಕ್ಕ ಇಟ್ಟೆ.
ಯಾರ ಹೊಟ್ಟೆ, ಏನು ಕಾಯಿಲೆ, ಕೇಳಲಿಲ್ಲ.
"ನಿನ್ನ ಜರಡಿ ತೂತು ದೊಡ್ಡದಾಗೈತೆ.
ಮರಳಿನ ಜೊತೆ ಸಣ್ಣ ಕಾಳೂ ಇಳಿದು ಹೋಗ್ತಾವೆ."
ಒಲೆ ಕಡೆ ತಿರುಗಿದವಳು, ಮತ್ತೆ:
"ಅದು ಸರಿ, ಮರಳನ್ನ ಯಾಕೆ ಬೈತೀಯ?
ಕಾದ ಮರಳಿಲ್ಲದೆ ಯಾವ ಅಕ್ಕಿ ಅರಳೀತು?"
ಮೊಣಕೈವರೆಗೆ ಅವಳಿಗೆ ಸುಟ್ಟ ಚುಕ್ಕೆಗಳು.
ಅವನ್ನು ಯಾರೂ ನಯ ಮಾಡಿಲ್ಲ.

ಈಗ ನನ್ನ ಲೆಕ್ಕ
ಬಯಲಲ್ಲಿ ಜೋರಾಗಿ ಜಾಲಿಸುತ್ತದೆ,
ಅಂಚು ಸಿಕ್ಕಲ್ಲಿ ಕೈ ತಡೆಯುತ್ತದೆ,
ನೆರಳು ಕಂಡರೆ ನಿಂತೇ ಬಿಡುತ್ತದೆ.
ನಿನ್ನೆ ರಾತ್ರಿ ಕಲ್ಲು ಉಳಿಯಿತು.
ಸುತ್ತ ಒಂದು ಹಿಡಿ ಮರಳೂ ಉಳಿದಿದೆ,
ಬೇಕೆಂದೇ ಬಿಟ್ಟೆನೋ, ಕೈಲಾಗದೆಯೋ.
ಹಾಲೇಶಪ್ಪನವರು ರಜೆಯಲ್ಲಿದ್ದಾರೆ.
ಸೋಮವಾರ ತೋರಿಸಬೇಕು.