ಮೊಳೆ ಹೊಡೆಯಬಾರದು

ಕರಾರುಪತ್ರದ ಒಂಬತ್ತನೇ ಕಲಮಿನಲ್ಲಿ
ಪಾಟಣಕರರು ಸ್ಪಷ್ಟವಾಗಿ ಬರೆಸಿದ್ದಾರೆ:
ಗೋಡೆಗೆ ಮೊಳೆ ಹೊಡೆಯಬಾರದು.
ಹನ್ನೊಂದು ತಿಂಗಳ ಮನೆ. ಹನ್ನೆರಡಕ್ಕೆ
ಮತ್ತೆ ಟೆಂಪೊ, ಮತ್ತೆ ಹಗ್ಗ, ಮತ್ತೆ ಇನ್ಯಾರದೋ ಸುಣ್ಣ.

ಹೀಗಾಗಿ ನನ್ನ ಪದಕಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ.
ಕುರ್ಲಾದಿಂದ ಭಾಂಡುಪ್, ಭಾಂಡುಪಿನಿಂದ ಡೊಂಬಿವಲಿ,
ಗ್ಯಾಸ್ ಸಿಲಿಂಡರಿನ ಪಕ್ಕ ಕೂತು
ರಸ್ತೆಯ ಪ್ರತಿ ಹೊಂಡಕ್ಕೂ ಝಣ್ ಅನ್ನುತ್ತ ಬಂದವು.
"ಗೆಜ್ಜೆಯೇನು ಬಾಯಿ?" ಅಂದ ಹಮಾಲ.
ಹೌದಪ್ಪ, ಅಂದೆ.
ಐವತ್ತೆರಡರ ಈ ಕಾಲಿಗೆ
ಅದೇನು ಅಂಥ ಸುಳ್ಳೂ ಅಲ್ಲ.

ಎಣಿಸಿದರೆ ಹದಿನೇಳು.
ನಾಲ್ಕು ಒಂದೇ ಅಚ್ಚಿನವು, ಇಸವಿ ಮಾತ್ರ ಬೇರೆ.
ಒಂದರಲ್ಲಿ ಸೇತುವೆ, ಒಂದರಲ್ಲಿ ಫ್ಲೆಮಿಂಗೊ,
ಇನ್ನೊಂದರ ತುಂಬ ನೋವಿನ ಮುಲಾಮಿನ ಹೆಸರು,
ನಾನು ಓಡಿದ ದೂರ ಅಂಚಿನಲ್ಲೆಲ್ಲೋ ಇರುವೆಯಷ್ಟು.

ಅಂಟಿಸುವ ಕೊಕ್ಕೆ ತಂದಿದ್ದ ರಘುವೀರ,
ಮೊಳೆಯೇ ಬೇಡ, ಹತ್ತು ಕಿಲೋ ತಡೆಯುತ್ತೆ ಅಂತ.
ಒಂದು ವಾರ ಗೋಡೆ ಮಿರಿಮಿರಿ ಮಿಂಚಿತು.
ಎಂಟನೇ ರಾತ್ರಿ ಎರಡೂವರೆಗೆ
ಬಣ್ಣದ ಸಮೇತ ಕಳಚಿ ಬಿತ್ತು ಇಡೀ ಗೊಂಚಲು.
ಕಳ್ಳ ಅಂತ ನಾನು ಲಟ್ಟಣಿಗೆ ಹಿಡಿದು ನಿಂತಿದ್ದೆ.
ಡಿಪಾಜಿಟ್ಟಿನಲ್ಲಿ ಎರಡು ಸಾವಿರ ಮುರಿದುಕೊಂಡರು.

ಮಳೆಗಾಲಕ್ಕೆ ರಿಬ್ಬನ್ನಿಗೆ ಬೂಷ್ಟು.
ಗಣಪತಿ ಕಳಿಸಿದ ಮೇಲಿನ ಮೊದಲ ಬಿಸಿಲಿಗೆ
ಗ್ಯಾಲರಿಯ ತಂತಿಗೆ ನೇತುಹಾಕುತ್ತೇನೆ,
ಅತ್ತ ಲಂಗ, ಇತ್ತ ಹಾಫ್ ಮ್ಯಾರಥಾನ್.
ಫಾಸ್ಟ್ ಲೋಕಲ್ ಹಾದಾಗ
ಎಲ್ಲವೂ ಒಂದೇ ಸಲ ತಲೆ ಆಡಿಸುತ್ತವೆ,
ಪಾರಿವಾಳಗಳು ಒಂದಿಷ್ಟು ಸರಿದು ಕೂರುತ್ತವೆ.
ವರ್ಷಕ್ಕೊಂದು ದಿನ ನನ್ನ ಪ್ರದರ್ಶನ.

ಒಮ್ಮೆ ಬೇಸತ್ತು ಕೆಳಗೆ ಒಯ್ದೆ.
ಭಂಗಾರದ ಇದ್ರೀಸ್ ಆಯಸ್ಕಾಂತ ಹಿಡಿದು ನೋಡಿದ:
ಕಬ್ಬಿಣವಲ್ಲ, ಹಿತ್ತಾಳೆಯಂತೂ ಅಲ್ಲ,
ಸತು, ಮೇಲೆ ನೀರು ಕುಡಿಸಿದ್ದಾರೆ.
"ಎಷ್ಟು ದೂರಕ್ಕೆ ಕೊಡುತ್ತಾರೆ ಇದನ್ನ?"
ಇಪ್ಪತ್ತೊಂದು ಕಿಲೋಮೀಟರ್, ಅಂದೆ.
"ಗಾಡಿ ತಳ್ಳಿಕೊಂಡೋ?"
ಇಲ್ಲ, ಖಾಲಿ ಕೈಯಲ್ಲಿ.
ಹೂಂ ಅಂದ. ಒಂದನ್ನು ಕೊರಳಿಗೆ ಹಾಕಿಕೊಂಡು
ಗಾಡಿಯ ಮೇಲಿದ್ದ ಒಡಕು ಕಪಾಟಿನ ಕನ್ನಡಿಯಲ್ಲಿ
ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ನೋಡಿಕೊಂಡ.
ಆಮೇಲೆ ತೆಗೆದು, ಅಂಗಿಗೆ ಒರೆಸಿ, ಡಬ್ಬಿಗಿಟ್ಟ.
ತಕ್ಕಡಿ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಪೂರ್ತಿ ಓಟ ಓಡಹೋದದ್ದು ಒಂದೇ ಸಲ.
ಇಪ್ಪತ್ತೇಳನೇ ಕಿಲೋಮೀಟರು, ಮಾಹೀಮಿನ ಬಳಿ,
ಬೆನ್ನ ಹಿಂದೆ ಬಸ್ಸು ಬಂತು,
ಹೊತ್ತು ಮೀರಿದವರನ್ನು ಗುಡಿಸಿಕೊಂಡು ಹೋಗುವ ಬಸ್ಸು.
ಹತ್ತಿದೆ.
ಒಳಗೆ ಯಾರೂ ಯಾರ ಮುಖ ನೋಡುತ್ತಿರಲಿಲ್ಲ.
ವಸಾಯಿಯ ಫಿಲೋಮಿನಾ, ವಯಸ್ಸು ಅರವತ್ತಮೂರು,
ಬೂಟು ಬಿಚ್ಚಿ ಕಾಲನ್ನು ಸೀಟಿನ ಮೇಲಿಟ್ಟು,
ಬಾಳೆಲೆಯಲ್ಲಿ ಕಟ್ಟಿದ ಸುಕೇಳಿ ತೆಗೆದಳು,
ತನ್ನ ಅಂಗಳದಲ್ಲೇ ಒಣಗಿದ ಬಾಳೆಹಣ್ಣು.
ಅರ್ಧ ಮುರಿದು ಕೊಟ್ಟಳು. ಜೇನಿನ ಹಾಗಿತ್ತು.
ಹಾಜಿ ಅಲಿಯವರೆಗೂ ಅಗಿದೆ.

ಅದಕ್ಕೆ ಪದಕವಿಲ್ಲ.
ಎದೆಯ ಮೇಲಿನ ನಂಬರು ಬೆವರಿಗೆ ಮುದ್ದೆಯಾಯಿತು.
ಉಳಿದದ್ದು ನಾಲ್ಕು ಪಿನ್ನು.

ಮೂರು ಇನ್ನೂ ಇವೆ.
ಏಳು ಹದಿನೆಂಟರ ಲೋಕಲಿಗೆ ಮುಂಚೆ
ಸೆರಗಿಗೊಂದು, ನೆರಿಗೆಗೊಂದು,
ರಘುವೀರನ ರೇನ್‌ಕೋಟಿನ ಕಿತ್ತ ಗುಂಡಿಗೊಂದು.
ನಾಲ್ಕನೆಯದನ್ನು ಕಳೆದ ತಿಂಗಳು ಲೇಡೀಸ್ ಡಬ್ಬಿಯಲ್ಲಿ
ಚಪ್ಪಲಿಯ ಉಂಗುಟ ಕಿತ್ತುಹೋಗಿ
ಒಂಟಿಕಾಲಲ್ಲಿ ನಿಂತಿದ್ದ ಹುಡುಗಿಗೆ ಬಿಚ್ಚಿ ಕೊಟ್ಟೆ.
ಮುಲುಂದ್ ಬಂತು. ಥ್ಯಾಂಕ್ಸ್ ಅನ್ನಲೂ ಪುರಸೊತ್ತಿಲ್ಲದೆ
ಪ್ಲಾಟ್‌ಫಾರ್ಮಿಗೆ ಹಾರಿದಳು,
ಕೊಂಚ ಕುಂಟುತ್ತ, ಓಡುತ್ತ.