ಒಂದ್ಸಲ ನೋಡಬಹುದು

ಜಿಲಾಂಗಿಗೆ ಕನ್ನಡ ಸಿನಿಮಾ ಬರುವುದು
ಎರಡು ತಿಂಗಳಿಗೊಮ್ಮೆ, ಭಾನುವಾರ,
ಬೆಳಿಗ್ಗೆ ಒಂಬತ್ತೂಕಾಲಿಗೆ. ಆ ಹೊತ್ತಿಗೆ
ಬೇರೆ ಯಾರಿಗೂ ಪರದೆ ಬೇಕಿರುವುದಿಲ್ಲ.
ಮೂವತ್ತೊಂದು ಜನ, ಒಂದು ಕೂಸು,
ಕದ್ದು ತಂದ ಚುರುಮುರಿಯ ಈರುಳ್ಳಿ ವಾಸನೆ.

ಮುಗಿದ ಮೇಲೆ ಯಾರೂ ಹೊರಡುವುದಿಲ್ಲ.
ಕಾರು ನಿಲ್ಲಿಸಲು ಮೂರು ಗಂಟೆ ಪುಕ್ಕಟೆ.
ಜಾಹೀರಾತು ಸೇರಿ ಸಿನಿಮಾ
ಎರಡು ಗಂಟೆ ಮೂವತ್ತೆಂಟು ನಿಮಿಷ.
ಉಳಿದ ಇಪ್ಪತ್ತೆರಡು ನಿಮಿಷ ವಿಮರ್ಶೆಗೆ.

ಕೊಲ್ಲಿಯ ಕಡೆಯಿಂದ ಜುಲೈ ಗಾಳಿ.
ತಳ್ಳುಗಾಡಿಗಳು ತಾವಾಗಿಯೇ ಹೊರಟು
ಏನೋ ನೆನಪಾದಂತೆ ನಿಲ್ಲುತ್ತವೆ.

"ಇಂಟರ್‌ವೆಲ್ ತನಕ ಹೆಂಗೋ ಉಳ್ಳಿತ್ರಿ,
ಆಮ್ಯಾಲ ಹೇರು ಹೊತ್ತ ಎತ್ತು ಕುಂತಂಗ ಕುಂತಬಿಡ್ತು,"
ಜಮಖಂಡಿಯ ಗುರುಪಾದಯ್ಯ. ಇಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಾರೆ.
"ಗಾಣದ ಮನಿ ಅಂತ ತೋರಿಸ್ಯಾರ,
ಗ್ವಾಡಿಗೆ ನೋಡಿದ್ರ ಎಮಲ್ಷನ್.
ಒಂದು ಹೊಗಿ ಕಲಿ ಇಲ್ಲ. ಸುಳ್ಳು."

ಲಿಗೋರಿಗೆ ಫೈಟು ಇಷ್ಟ, ಆದರೂ
"ಎಂತ ಮಾರಾಯ್ರೆ, ಆ ಪೋಸ್ಟ್‌ಮ್ಯಾನ್
ಹದಿನೈದು ಜನಕ್ಕೆ ಹೊಡೆದ,
ಚೀಲದಿಂದ ಒಂದು ಕಾಗದ ಸಹ ಬೀಳ್ಲಿಲ್ಲ!"

ನೂರುನ್ನಿಸಾ ಕತ್ತಲಲ್ಲಿ ಬೆರಳು ಮಡಿಚಿ ಲೆಕ್ಕ ಇಟ್ಟಿದ್ದಾಳೆ.
"ಹೀರೋಯಿನ್‌ಗೆ ಒಟ್ಟು ಹದಿನಾಲ್ಕು ಮಾತು.
ಅದರಲ್ಲಿ ಒಂಬತ್ತು ಬರೀ 'ರೀ'."

"ನಿನಗೆ, ಪುಟ್ಟತಾಯಿ?"
"ಪರವಾಗಿಲ್ಲ," ಅಂದೆ. "ಒಂದ್ಸಲ ನೋಡಬಹುದು."
ಅದನ್ನು ನಾನು ನೋಡದೆಯೂ ಹೇಳಬಲ್ಲೆ.

ನಿಜವೆಂದರೆ ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿ,
ಕೊನೆಯ ಟ್ರೇ ಬೆಲ್ಟಿಗೆ ಸಿಕ್ಕಿಕೊಂಡು
ನಾನು ಒಳಗೆ ಹೋದಾಗ ಇಪ್ಪತ್ತು ನಿಮಿಷ ಕಳೆದಿತ್ತು.
ಪೋಸ್ಟ್‌ಮ್ಯಾನ್ ಆಗಲೇ ಅಳುತ್ತಿದ್ದ.
ಯಾರ ಕಾಗದ, ಯಾಕೆ, ಕೊನೆತನಕ ತಿಳಿಯಲಿಲ್ಲ.

ನಾನು ನೋಡಿದ್ದು ಅವನನ್ನಲ್ಲ.
ಅವನ ಹಿಂದೆ, ಜಗಲಿಯ ತುದಿಯಲ್ಲಿ,
ಮಸುಕಾಗಿ, ಒಬ್ಬಳು ಮುದುಕಿ ಮೊರ ಹಿಡಿದಿದ್ದಳು.
ಅವನು ಉದ್ದುದ್ದ ಮಾತಾಡುವಾಗೆಲ್ಲ
ಕೇರುತ್ತಿದ್ದಳು, ತಲೆ ಎತ್ತದೆ.
ಒಮ್ಮೆ ನಿಲ್ಲಿಸಿ, ತುಟಿ ಕೂಡಿಸಿ ಊದಿದಳು.
ಮೊರದಲ್ಲಿದ್ದದ್ದು ಪಾಲಿಷ್ ಅಕ್ಕಿ, ಅಂಗಡಿಯದ್ದು.
ಇಲ್ಲದ ಹೊಟ್ಟು ಹಾರಿಹೋಗುವುದನ್ನು
ಕಣ್ಣು ಕಿರಿದು ಮಾಡಿ ನೋಡಿದಳು.

ಅವಳ ಹೆಸರಿಗೆಂದು ಕೂತೆ.
ಲೈಟಿನವರು ಹೋದರು, ಡ್ರೈವರುಗಳು, ಅಡುಗೆಯವರು,
ಎತ್ತು ಕೊಟ್ಟು ಸಹಕರಿಸಿದವರು.
ಕೊನೆಗೆ: ಮತ್ತು ಇತರರು.

ಅಷ್ಟರಲ್ಲಿ ದೀಪ, ಪೊರಕೆ, ಡೆಸ್ಮಂಡ್.
ಬಾಗಿಲ ಬಳಿ ಕಾಯುವ ಕೆಲಸ ಅವನದು. ಹಾಗಾಗಿ
ಎಲ್ಲ ಭಾಷೆಯ ಎಲ್ಲ ಸಿನಿಮಾಗಳ
ಕೊನೆಯ ಹತ್ತು ನಿಮಿಷ ನೋಡಿದ್ದಾನೆ.
"ನಿಮ್ಮದರಲ್ಲಿ ಕೊನೆಗೆ ಎಲ್ಲರೂ ಕ್ಷಮಿಸಿಬಿಡುತ್ತಾರೆ," ಅಂದ.
"ಅಷ್ಟೊಂದು ಕ್ಷಮಿಸುವಂಥದ್ದು ಮೊದಲಲ್ಲಿ ಏನಾಗಿರುತ್ತೆ?"
"ಗೊತ್ತಿಲ್ಲ. ನಾನು ತಡವಾಗಿ ಬಂದೆ."
ನಕ್ಕ. ಮತ್ತೆ, ಪೊರಕೆಗೆ ಗಲ್ಲ ಊರಿ,
"ಎಲ್ಲರಿಗೂ ಹೊಟ್ಟೆ ಯಾಕೆ ಉರಿಯುತ್ತೆ?
ಕೆಳಗೆ ಅಕ್ಷರದಲ್ಲಿ ಬರುತ್ತೆ, ಹೊಟ್ಟೆಯಲ್ಲಿ ಬೆಂಕಿ, ಹೊಟ್ಟೆಯಲ್ಲಿ ಬೆಂಕಿ.
ಯಾರೂ ಏನೂ ತಿಂದದ್ದೇ ಕಾಣಲಿಲ್ಲ."
ಅದು ಊಟದ ಉರಿಯಲ್ಲ ಅಂದೆ.
ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು.

ಇದನ್ನೆಲ್ಲ ಕಾರ್ ಪಾರ್ಕಿನಲ್ಲಿ ಹೇಳಲಿಲ್ಲ.
ನೂರುನ್ನಿಸಾ ಗಡಿಯಾರ ನೋಡಿದಳು, "ಅಯ್ಯೋ, ನಾಲ್ಕು ನಿಮಿಷ!"
ಬಾಗಿಲುಗಳು ದಬದಬ ಬಿದ್ದವು.
ಗುರುಪಾದಯ್ಯನ ವ್ಯಾನು ಏಣಿ ಅಲುಗಿಸುತ್ತ ಹಿಂದೆ ಸರಿಯಿತು,
ಲಿಗೋರಿ ಕಿಟಕಿಯಿಂದ ಇನ್ನೊಮ್ಮೆ ಕೂಗಿದ, "ಒಂದು ಕಾಗದ ಸಹ!"
ಗೇಟು ಒಬ್ಬೊಬ್ಬರಿಗೂ ಕೈ ಎತ್ತಿ ಇಳಿಸಿತು.

ತಡವಾಗಿ ಬಂದ ನನಗೆ
ಇನ್ನೂ ಇಪ್ಪತ್ತು ನಿಮಿಷ ಪುಕ್ಕಟೆ ಉಳಿದಿತ್ತು.
ಕಾರಿನೊಳಗೆ ಕೂತೆ, ಗಾಜು ಏರಿಸಿ.
ತೋಳಿನ ಮೇಲೆ ಹಿಟ್ಟೇನಾದರೂ ಇದೆಯೋ ಎಂದು
ತುಟಿ ಕೂಡಿಸಿ ಊದಿದೆ.
ಕಣ್ಣು ಕಿರಿದು ಮಾಡಿ ನೋಡಿದೆ.