ನಾಲ್ಕನೇ ದಿನ

ಮೊದಲು ಊರಿನ ಹೆಸರು. ಫಾರ್ಮಿನಲ್ಲಿ ಲಿಸ್ಬನ್,
ಇವರ ಬಾಯಲ್ಲಿ ಲಿಸ್ಬೋವಾ.
ಆ ‘ವಾ’ ಹೇಳುವಾಗ ಕೈ ತಾನಾಗಿ
ಪಾತ್ರೆಯ ಮುಚ್ಚಳ ತೆಗೆದಂತೆ ಮೇಲೇಳುತ್ತದೆ.

ಅಂಚೆ ಕಚೇರಿಯ ಆರ್.ಡಿ. ಏಜೆಂಟಳಾಗಿ
ಇಪ್ಪತ್ತಾರು ವರ್ಷ ಬೈತಕೋಲದ ಮನೆಮನೆಯ
ಫಾರ್ಮು ತುಂಬಿದವಳು ನಾನು.
ಹೆಬ್ಬೆಟ್ಟು ಎಲ್ಲಿ, ಸಹಿ ಎಲ್ಲಿ,
ಯಾವ ಕಾಲಂ ಸುಳ್ಳನ್ನು ತಡೆದುಕೊಳ್ಳುತ್ತದೆ,
ಯಾವುದು ಹರಿಯುತ್ತದೆ, ಬಲ್ಲೆ.
ಪ್ರಯಾಣದ ಉದ್ದೇಶ?
‘ಮೀನು ಅಂತ ಬರಿ’ ಅಂದರು ಇವರು.

ಏಪ್ರಿಲ್ ಹದಿನಾರರಿಂದ ಏಳು ದಿನ.
ಆಗ ಅಲ್ಲಿ ವಸಂತ ಅಂದೆ.
‘ಇಲ್ಲಿ?’
ಇಲ್ಲಿ ಗೇರುಹಣ್ಣಿನ ಘಾಟು,
ತಗಡಿನ ಮೇಲೆ ಮುರುಗಲು ಸಿಪ್ಪೆ, ಬಂದರಿನಲ್ಲಿ ಒಣಮೀನು,
ಬಾವಿಯ ತಳಕ್ಕೆ ಕೊಡ ತಾಗಿದ ಸದ್ದು.
ಅದನ್ನು ವಸಂತ ಅಂತ ಯಾರಾದರೂ ಕರೆದದ್ದು
ನಾನಂತೂ ಕೇಳಿಲ್ಲ.

ಅಲ್ಲಿ ಹದಿನಾರು ಡಿಗ್ರಿ, ಮಳೆ ಬಂದರೂ ಬಂತು.
ಕಾರವಾರದ ಪೇಟೆಯಲ್ಲಿ ಸ್ವೆಟರು ಕೇಳಿದರೆ
‘ಯಾವ ಶಾಲೆಯದು?’ ಅಂದ ಅಂಗಡಿಯವ.
ಶಾಲೆಯದೇ ತಂದೆ. ನೀಲಿ, ಎರಡು.

ಇವರು ಎಂ.ವಿ. ಜಲನಂದಿನಿಯ ಭಂಡಾರಿ,
ನಲವತ್ತು ಬಾಯಿಗೆ ಅನ್ನ ಬೇಯಿಸಿದವರು.
ರಜೆಗೆ ಬಂದಾಗ ಬಲೆ ಹೊಲಿಯುವವರ ನಡುವೆ ಕೂತು
ಲಿಸ್ಬೋವಾ ಬಿಚ್ಚುತ್ತಿದ್ದರು:
ಗಂಟೆಗೋಪುರದ ಎಡಕ್ಕೆ ಮೂರನೇ ಏರುಗಲ್ಲಿ,
ಹಸಿರು ಬಾಗಿಲು, ಮೇಲೆ ಕಿಟಕಿಯಲ್ಲಿ ದೋನಾ ಲಾವ್ರಾ,
ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ತಾರ್ಲೆ ಕೊಳ್ಳುವಳು,
ಒಂದು ಕಡಿಮೆ ಬಿತ್ತೋ, ಬುಟ್ಟಿ ಅಲ್ಲಾಡಿಸಿಯೇ ಜಗಳ.
ನಮ್ಮ ಸುಗಂಧಿ ಶಾಲೆಯಲ್ಲಿ ಆ ಗಲ್ಲಿಯ ಚಿತ್ರ ಬಿಡಿಸಿ
ಎರಡನೇ ಬಹುಮಾನ ತಂದಿದ್ದಳು.

ಮುಂದಿನ ಕಾಲಂ: ಹಿಂದೆ ಭೇಟಿ ನೀಡಿದ್ದೀರಾ? ದಿನಾಂಕ?
ಟ್ರಂಕಿನಿಂದ ಇವರ ಅಡುಗೆಮನೆ ಲೆಕ್ಕದ ಪುಸ್ತಕ ತೆಗೆದೆ.
ಅರಿಸಿನದ ಬೆರಳಚ್ಚು, ಪೆನ್ಸಿಲ್ ಅಕ್ಷರ.
ಲಿಸ್ಬನ್. ಬಟಾಟೆ ನಾಲ್ಕು ಮೂಟೆ. ಇಳಿಯಲು ಪಾಸ್ ಇಲ್ಲ.
ಲಿಸ್ಬನ್. ಈರುಳ್ಳಿ ಕೊಳೆತದ್ದು. ಪಾಸ್ ಇಲ್ಲ.
ಲಿಸ್ಬನ್. ಪಾಸ್ ಇಲ್ಲ.
ಲಿಸ್ಬನ್. ಪಾಸ್ ಸಿಕ್ಕಿತು. ಬೂಟು ಇಲ್ಲ.

ಆ ರಾತ್ರಿ ಇವರ ಗೊರಕೆಯ ಪಕ್ಕ
ಮೊಬೈಲಿನ ನಕ್ಷೆಯಲ್ಲಿ ನಡೆದೆ, ಎರಡು ಬೆರಳಲ್ಲಿ.
ಕೆಂಪು ಸೇತುವೆ ಇದೆ. ನದಿ ಇದೆ, ನಮ್ಮ ಕಾಳಿಯ ಹಾಗೆ
ಕಡಲು ಕಂಡೊಡನೆ ಕಾಲು ಚಾಚಿದ್ದು.
ಹಳದಿ ಟ್ರಾಮು, ನೀಲಿ ಹೆಂಚಿನ ಗೋಡೆ, ಎಲ್ಲ.
ಎಡಕ್ಕೆ ಮೂರನೇ ಗಲ್ಲಿಯಲ್ಲಿ
ಕಾರು ನಿಲ್ಲಿಸುವ ಜಾಗ.

ಬುಟ್ಟಿ ಅಲ್ಲಾಡಿಸುತ್ತಿದ್ದವಳು
ಕೋಡಿಬಾಗದ ಬಾಡಿಗೆಮನೆಯ ಮಾಳಿಗೆಯ ಪಾರ್ವತಿಬಾಯಿ.
ಹಸಿರು ಬಾಗಿಲು ನಮ್ಮದು.
ಮದುವೆಯಾದ ವರ್ಷ, ದೋಣಿಗೆ ಬಳಿದು ಉಳಿದ ಬಣ್ಣ.

ಬೆಳಿಗ್ಗೆ ಯೋಜನೆಯ ಹಾಳೆ ಓದಿ ಹೇಳಿದೆ.
ಮಡಗಾಂವದ ಗಾಡಿ ಎಷ್ಟಕ್ಕೆ, ಪಣಜಿಯ ವೀಸಾ ಎಂದು,
ಮೊದಲ ದಿನ ನಿದ್ದೆ, ಎರಡನೇ ದಿನ ಟ್ರಾಮು,
ಮೂರು ನದಿ, ಐದಕ್ಕೆ ಇಗರ್ಜಿ, ಆರಕ್ಕೆ ಮೊಮ್ಮಗನ ಶರಟು…

‘ನಾಲ್ಕು ಎಲ್ಲಿ ಹೋಯಿತು?’

ಖಾಲಿ ಇಟ್ಟಿದ್ದೇನೆ ಅಂದೆ.
ಲಾವ್ರಾಬಾಯಿ ಮನೆ ನೀವೇ ತೋರಿಸಬೇಕಲ್ಲ.

ಬಾಂಗಡೆಯ ಮುಳ್ಳು ಬಿಡಿಸುತ್ತ ಕೂತರು.
ಬಿಡಿಸಿ ಮುಗಿದ ತುಂಡನ್ನೇ ಮತ್ತೆ ಬಿಡಿಸಿದರು.
‘ಅವಳು ಈಗ ಇರಲಿಕ್ಕಿಲ್ಲ’ ಅಂದರು.
ತುಸು ಹೊತ್ತಾದ ಮೇಲೆ,
‘ಗಲ್ಲಿಯೂ ಬದಲಾಗಿರಬಹುದು.’

ಬದಲಾಗದೆ ಇರುತ್ತದೆಯೇ, ಅಂದೆ.
ಕೈ ತೊಳೆಯಲು ಎದ್ದು ಹೋದಾಗ
ಆ ಕಾಲಮಿನಲ್ಲಿ ‘ಇಲ್ಲ’ ಬರೆದು
ಶಾಯಿ ಒಣಗಲು ಊದಿದೆ.

ಆಮೇಲೆ ಬೂಟು ಕೊಂಡೆವು, ಒಂಬತ್ತು ನಂಬರು.
ಮನೆಯೊಳಗೇ ಹಾಕಿಕೊಂಡು ಓಡಾಡುತ್ತಾರೆ, ಪಳಗಲಿ ಅಂತ.
ಹೋಟೆಲಿನಲ್ಲಿ ನಮ್ಮ ಕೋಣೆ ಮೂರನೇ ಮಹಡಿ,
ಕಿಟಕಿ ಬೀದಿಗೆ ತೆರೆಯುತ್ತದೆಯೋ ಅಂತ ಎರಡು ಸಲ ಕೇಳಿದ್ದೇನೆ.
ಶಾಲೆಯ ಸ್ವೆಟರಿನ ಅಡಿಯಲ್ಲಿ
ಐದು ಮಾರು ಹಗ್ಗ ಸುತ್ತಿಟ್ಟಿದ್ದೇನೆ.

ಬುಟ್ಟಿ ಅಲ್ಲೇ ಸಿಗುತ್ತದೆ.